ಸ್ಟೂಲಿನ ನಡತೆ ವರದಿ

ಎರಡು ಕಾಲಿನ ಒಂದು ಸ್ಟೂಲನ್ನು ಸಾರ್ವಜನಿಕರು ಕಣ್ಣಾರೆ ನೋಡುವುದು ರಾಷ್ಟ್ರಹಿತಕ್ಕೆ ಅತ್ಯಗತ್ಯವೆಂದು ಸರ್ಕಾರವು ಸಕಲ ಅಂಶಗಳನ್ನೂ ಕೂಲಂಕಷವಾಗಿ ಪರಿಶೀಲಿಸಿ ಒಂದು ಸೋಮವಾರ ತೀರ್ಮಾನಿಸಿತು. ತೀರ್ಮಾನವನ್ನು ಯಾರೂ ಹಗುರವಾಗಿ ತೆಗೆದುಕೊಂಡಿರಲಿಲ್ಲ. ಅದಕ್ಕೆ ಹನ್ನೊಂದು ಸಹಿಗಳು ಬಿದ್ದಿದ್ದವು, ಕೊನೆಯದು ಸ್ವತಃ ಉಪಮಂತ್ರಿಗಳದು. ಗೆಜೆಟ್‌ನ ನಲವತ್ತೆರಡನೇ ಪುಟದಲ್ಲಿ, ಒಂದು ಸೇತುವೆಯ ಟೆಂಡರಿಗೂ ಕಳೆದುಹೋದ ರಬ್ಬರ್ ಮೊಹರೊಂದರ ಪ್ರಕಟಣೆಗೂ ನಡುವೆ, ಸ್ಟೂಲು "ತ್ರಿಪಾದ ಕಾಷ್ಠಪೀಠ, ಒಂದು, ಪ್ರಸ್ತುತ ದ್ವಿಪಾದ ಸ್ಥಿತಿಯಲ್ಲಿ" ಎಂಬ ಘನವಾದ ಹೆಸರಿನಲ್ಲಿ ಅಚ್ಚಾಯಿತು. ಇಡೀ ದೇಶದಲ್ಲಿ ಅದನ್ನು ಓದಿದವರು ಮೂವರು. ಬರೆದವನು, ಬರೆದವನ ಅಕ್ಕ, ಮತ್ತು ವಿಮಾನ ನಿಲ್ದಾಣದ ಸರಕು ವಿಭಾಗದ ಕಸ್ಟಮ್ಸ್ ಅಧಿಕಾರಿ. ಮೊದಲಿಬ್ಬರು ತಮಗೆ ಬೇಕಾದಷ್ಟನ್ನು ಓದಿದರು. ಮೂರನೆಯವನು ಪೂರ್ತಿ ಓದಿದ.

ಅಕ್ಕ ವಸ್ತುಸಂಗ್ರಹಾಲಯದಲ್ಲಿ ಮರದ ಸಾಮಾನುಗಳ ವಿಭಾಗವನ್ನು ನೋಡಿಕೊಳ್ಳುವವಳು. ನೆಲಮಾಳಿಗೆಯ ಉಗ್ರಾಣದಲ್ಲಿ, ನಾಫ್ತಲೀನ್ ವಾಸನೆಯ ನಡುವೆ, ಮೂವತ್ತು ವರ್ಷ ಕಳೆದಿದ್ದಳು. ಆ ಉಗ್ರಾಣದ ಏಳನೇ ಕಪಾಟಿನಲ್ಲಿ ಅರವತ್ತು ವರ್ಷಗಳಿಂದ ಒಂದು ಕೋಲು ಬಿದ್ದಿತ್ತು. ದಾಖಲೆ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮ ಅದನ್ನು "ಲಟ್ಟಣಿಗೆ, ಒಂದು ತುದಿ ಸವೆದದ್ದು" ಎಂದು ಬರೆದಿಟ್ಟಿದ್ದ. ಅಕ್ಕನಿಗೆ ಮೊದಲಿನಿಂದಲೂ ಅನುಮಾನ. ಅದರ ಮೈಮೇಲೆ ಏಳು ಗೆರೆಗಳ ಒಂದು ಪಟ್ಟಿ ಕೊರೆದಿತ್ತು. ಐದನೆಯ ಗೆರೆ ಮಾತ್ರ ಬಡಗಿಯ ಕೈ ಜಾರಿದಂತೆ ಓರೆಯಾಗಿತ್ತು. ಹಿಟ್ಟು ಲಟ್ಟಿಸುವ ಕೋಲಿಗೆ ಯಾರಾದರೂ ಗೆರೆ ಕೊರೆಯುತ್ತಾರೆಯೇ? ಏಳು ವರ್ಷಗಳ ಹಿಂದೆ ಹೊರದೇಶದ ಸಂಗ್ರಹಾಲಯವೊಂದರ ಚಿತ್ರಪಟ್ಟಿಯಲ್ಲಿ ಮೋಟು ಸ್ಟೂಲೊಂದರ ಫೋಟೋ ನೋಡಿ ಅವಳು ಕೂತಲ್ಲಿಂದ ಎದ್ದು ನಿಂತಿದ್ದಳು. ಎರಡು ಕಾಲು, ಎರಡರ ಮೇಲೂ ಏಳು ಗೆರೆ, ಎರಡರಲ್ಲೂ ಐದನೆಯದು ಓರೆ. ಮೂರನೇ ಕಾಲಿನ ಜಾಗದಲ್ಲಿ ಒಂದು ತೂತು.

ಅವಳಿಗೆ ಬೇಕಾದದ್ದು ಇಷ್ಟೇ: ಆ ಕಾಲನ್ನು ಆ ತೂತಿಗೆ ಒಮ್ಮೆ ಕೂರಿಸಿ ನೋಡುವುದು. ಅಳತೆಗಳೇನೋ ಹೊಂದುತ್ತಿದ್ದವು. ಆದರೆ ಹಳೆಯ ಮರ ಒಂದೊಂದು ಊರಿನ ಹವೆಯಲ್ಲಿ ಒಂದೊಂದು ರೀತಿ ಕುಗ್ಗುತ್ತದೆ, ಅಳತೆಪಟ್ಟಿಯನ್ನು ನಂಬುವಂತಿಲ್ಲ. ಕೂರಿಸಿ ತೋರಿಸಿದ ಹೊರತು ದಾಖಲೆ ತಿದ್ದುವುದಿಲ್ಲ ಎಂದು ಅವಳ ಮೇಲಧಿಕಾರಿಗಳ ಸಮಿತಿ ಮೂರು ಸಲ ಬರೆದು ತಿಳಿಸಿತ್ತು. ಕಾಲನ್ನೇ ಅಲ್ಲಿಗೆ ಒಯ್ಯುತ್ತೇನೆಂದರೆ, ಪ್ರಾಚೀನ ವಸ್ತುವನ್ನು ದೇಶದಿಂದ ಹೊರಗೆ ಬಿಡುವುದಿಲ್ಲ ಎಂದು ಅದೇ ಸಮಿತಿ ನಾಲ್ಕನೇ ಸಲ ಬರೆದಿತ್ತು. ಅಂದರೆ ಲಟ್ಟಣಿಗೆ ಎಂದು ನಮೂದಿಸುವಾಗ ಅದು ಲಟ್ಟಣಿಗೆ, ಹೊರಗೆ ಹೋಗುವಾಗ ಪ್ರಾಚೀನ ವಸ್ತು. ಹೀಗಾಗಿ ಸ್ಟೂಲೇ ಇಲ್ಲಿಗೆ ಬರಬೇಕಾಗಿತ್ತು. ಬರುವ ತಿಂಗಳ ಕೊನೆಗೆ ಅಕ್ಕ ನಿವೃತ್ತಳಾಗಲಿದ್ದಳು. ಸೇವೆಯುದ್ದಕ್ಕೂ ಬೇರೆಯವರು ಹುಡುಕಿ ತಂದ ಸಾಮಾನುಗಳ ಧೂಳು ಒರೆಸಿದವಳಿಗೆ, ಇದೊಂದು ತಾನೇ ಕಂಡುಹಿಡಿದದ್ದು.

ಏಳು ವರ್ಷ ಪತ್ರ ಬರೆದ ಮೇಲೆ ಹೊರದೇಶದವರು ಒಪ್ಪಿದರು, ಎರಡು ಷರತ್ತಿನ ಮೇಲೆ. ಒಂದು, ಇಲ್ಲಿ ಯಾರೂ ಸ್ಟೂಲು ನಮ್ಮದು ಎಂದು ಕೋರ್ಟಿಗೆ ಹೋಗಿ ಅದನ್ನು ಜಪ್ತಿ ಮಾಡಿಸುವಂತಿಲ್ಲವೆಂದು ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಬೇಕು. ಒಂದು ಕಾಲು ಇಲ್ಲೇ ಇರುವಾಗ ಅವರ ಭಯವನ್ನು ತಪ್ಪೆನ್ನಲಾಗದು. ಎರಡು, ಪೆಟ್ಟಿಗೆ ಇಳಿದ ಮೂವತ್ತು ದಿನದೊಳಗೆ ಸ್ಟೂಲು ಪ್ರದರ್ಶನದ ಗಾಜಿನೊಳಗೆ ಇರಬೇಕು, ಇಲ್ಲವಾದರೆ ಮೂವತ್ತೊಂದನೇ ದಿನ ಅದು ವಾಪಸು. ಒಮ್ಮೆ ಪ್ರಯಾಣ ಮಾಡಿದ ಮರಕ್ಕೆ ಹತ್ತು ವರ್ಷ ವಿಶ್ರಾಂತಿ ಕೊಡುವುದು ಅವರ ಪದ್ಧತಿ. ಅಂದರೆ ಅವಕಾಶ ಒಂದೇ.

ಅಧಿಸೂಚನೆ ಬರೆಯುವ ಶಾಖೆಯಲ್ಲಿ ಇದ್ದವನು ಅವಳ ತಮ್ಮ. ಆಫೀಸಿನಲ್ಲಿ ಎಲ್ಲರೂ ಅವನನ್ನು ಷರಾ ಎನ್ನುತ್ತಿದ್ದರು. ಯಾವ ಕಾಗದ ಮುಂದೆ ಬಂದರೂ ಅಂಚಿನಲ್ಲಿ ಒಂದು ಷರಾ ಬರೆಯದೆ ಮುಂದಕ್ಕೆ ಕಳಿಸುವವನಲ್ಲ. ಸುಳ್ಳು ಬರೆಯಲು ಅವನ ಕೈಗೆ ಬರುತ್ತಿರಲಿಲ್ಲ. ಬ್ಯಾಂಕಿನ ಅರ್ಜಿಯಲ್ಲಿ ಗುರುತಿನ ಚಿಹ್ನೆ ಕೇಳಿದ್ದಕ್ಕೆ "ಎಡಗೆನ್ನೆಯಲ್ಲಿ ಮಚ್ಚೆ, ಇತ್ತೀಚೆಗೆ ಮಸುಕಾಗಿದೆ" ಎಂದು ಬರೆದು ಖಾತೆ ತೆರೆಯುವುದನ್ನು ಎರಡು ತಿಂಗಳು ತಡ ಮಾಡಿಕೊಂಡವನು.

ಶಾಖೆಯ ಕೆಲಸದ ರೀತಿಯೊಂದನ್ನು ಇಲ್ಲಿ ಹೇಳಲೇಬೇಕು. ಅಲ್ಲಿ ಎರಡು ಬಗೆಯ ಅಧಿಸೂಚನೆಗಳು ತಯಾರಾಗುತ್ತಿದ್ದವು: ಪ್ರದರ್ಶನಕ್ಕೆ ಬರುವ ಹೊರಗಿನ ವಸ್ತುಗಳದ್ದು, ಮತ್ತು ಬಡ ದೇಶಗಳಿಗೆ ಕಳಿಸುವ ನೆರವಿನದ್ದು. ಎರಡೂ ಕಾಯಿದೆಗಳನ್ನು ಬರೆದವರು ಒಬ್ಬರೇ ಇರಬೇಕು, ಮೈಕಟ್ಟು ಒಂದೇ. ಎರಡರಲ್ಲೂ "ರಾಷ್ಟ್ರಹಿತಕ್ಕೆ ಅತ್ಯಗತ್ಯ", ಎರಡರಲ್ಲೂ "ಸಾಗಣೆ". ಹೊಸದಾಗಿ ಬರೆದ ಯಾವುದೇ ಅಧಿಸೂಚನೆ ಕಾನೂನು ಶಾಖೆಗೆ ಹೋಗಿ ನಲವತ್ತು ದಿನ ಅಲ್ಲಿ ಗಾಳಿ ಬೆಳಕು ಕಾಣದೆ ಕೂತಿರಬೇಕಿತ್ತು. ಹಿಂದೆ ಮಂಜೂರಾದದ್ದರ ಮೇಲೆ ಹೆಸರು ಬದಲಿಸಿ ಬರೆದರೆ ಹೋಗಬೇಕಿರಲಿಲ್ಲ. ಆದ್ದರಿಂದ ಶಾಖೆಯಲ್ಲಿ ಹೊಸ ಅಧಿಸೂಚನೆಯನ್ನು ಯಾರೂ ಯಾವತ್ತೂ ಬರೆದಿರಲಿಲ್ಲ. ಹಿಂದಿನ ವಾರದ್ದನ್ನು ತೆರೆಯುವುದು, ಹೆಸರು ಬದಲಿಸುವುದು, ಬೇಡದ ಪ್ಯಾರಾ ಅಳಿಸುವುದು, ಅಷ್ಟೇ. ಹೀಗೆ ಪ್ರತಿ ಅಧಿಸೂಚನೆಯೂ ತನ್ನ ಹಿಂದಿನದರ ಮಗು. ವಂಶಾವಳಿ ಹಿಡಿದು ಹೋದರೆ ಮೂಲಪುರುಷ ಯಾವುದೋ ಸಂಗೀತವಾದ್ಯವೋ ಗೋದಿಯೋ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಷರಾ ಸ್ಟೂಲಿನ ಅಧಿಸೂಚನೆಯನ್ನು ಹಿಂದಿನ ವಾರದ ನೆರವಿನ ಅಧಿಸೂಚನೆಯ ಮೇಲೆ ಬರೆದ. ಗಡಿಯಲ್ಲಿ ಪಕ್ಕದವರೊಂದಿಗೆ ಗುದ್ದಾಡುತ್ತಿದ್ದ ಒಂದು ದೇಶಕ್ಕೆ ಔಷಧಿ ಕಳಿಸುವ ವಿಚಾರ ಅದು. ಕಂಪ್ಯೂಟರಿಗೆ ಹೇಳಿ "ಸ್ವೀಕರ್ತೃ ದೇಶ" ಎಂದಿದ್ದ ಕಡೆಯೆಲ್ಲ "ಕಾಷ್ಠಪೀಠ" ಎಂದು ಮಾಡಿಸಿದ. ಇನ್ನು ಐದನೇ ಪ್ಯಾರಾ ಅಳಿಸಿ, ಮೂರು ಸಲ ಓದಿ, ಕೊನೆಯಿಂದ ಮೊದಲಿಗೆ ಒಂದು ಸಲ ಓದಿ ಮೇಲಕ್ಕೆ ಕಳಿಸುವುದು ಅವನ ಕ್ರಮ. ಆಗ ಫೋನ್ ಬಂತು. ಆ ದಿನ ಅದು ಅಕ್ಕನ ಒಂಬತ್ತನೇ ಫೋನು.

"ಆಯ್ತೇನೋ?"

"ಇನ್ನೊಂದ್ಸಲ ಓದ್ಬೇಕು ಅಕ್ಕ."

"ಏಳು ವರ್ಷ ಕಾದಿದ್ದೀನಿ ಕಣೋ. ನೀನು ಓದ್ತಾ ಕೂತ್ರೆ ನನಗೆ ಪಿಂಚಣಿ ಶುರುವಾಗುತ್ತೆ. ನಾಲ್ಕು ಗಂಟೆಗೆ ಉಪಮಂತ್ರಿಗಳು ಏರ್‌ಪೋರ್ಟಿಗೆ ಹೊರಡ್ತಾರಂತೆ. ಕಳಿಸು."

"ಷರಾ ಬರೆದು—"

"ನಿನ್ನ ಷರಾನ ಗಂಟು ಕಟ್ಟಿ ಅಟ್ಟದ ಮೇಲಿಡು. ಕಳಿಸೋ ಅಂದ್ರೆ ಕಳಿಸು!"

ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ ಷರಾ ಒಂದು ಕಾಗದವನ್ನು ಓದದೆ ಕಳಿಸಿದ. ಮಿಕ್ಕ ಹತ್ತು ಜನ, ಷರಾ ಓದಿರುತ್ತಾನೆ ಎಂಬ ಧೈರ್ಯದಿಂದ, ಓದದೆ ಸಹಿ ಮಾಡಿದರು.

*

ಪೆಟ್ಟಿಗೆ ಬುಧವಾರ ಇಳಿಯಿತು. ಗುರುವಾರ ಬೆಳಗ್ಗೆ ಅಕ್ಕ ಒಳಗೆಲ್ಲ ಕಂಬಳಿ ಹಾಸಿದ ವ್ಯಾನು ತೆಗೆದುಕೊಂಡು ಸರಕು ವಿಭಾಗಕ್ಕೆ ಹೋದಳು. ಕೌಂಟರಿನ ಆಚೆ ಕಸ್ಟಮ್ಸ್ ಅಧಿಕಾರಿ ಗೆಜೆಟ್ ಹರಡಿಕೊಂಡು ಕೂತಿದ್ದ. ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಅವನು ಒರಟನಲ್ಲ. ಕುರ್ಚಿ ಕೊಟ್ಟ, ನೀರು ಕೊಟ್ಟ.

"ಮೇಡಂ, ಐದನೇ ಪ್ಯಾರಾ ಓದಿದ್ರಾ?"

"ಇಲ್ಲ. ಒಂದನೇ ಪ್ಯಾರಾದಲ್ಲಿ ಪೀಠ ಅಂತ ನೋಡಿದೆ, ಕಣ್ಣು ಮಂಜಾಯ್ತು. ಅಲ್ಲಿಗೇ ನಿಲ್ಲಿಸಿದೆ."

"ಅದೇ ಆಗಿದ್ದು. ಕೇಳಿ." ಅವನು ಗಂಟಲು ಸರಿಮಾಡಿಕೊಂಡು ಓದಿದ. "ಸದರಿ ಕಾಷ್ಠಪೀಠವು ತನ್ನ ನೆರೆಹೊರೆಯವರೊಂದಿಗೆ ಶಾಂತಿಯುತವಾಗಿ ವರ್ತಿಸುತ್ತಿರುವ ಬಗ್ಗೆ ನೆರವು ವಿಭಾಗದಿಂದ ತೃಪ್ತಿಕರವಾದ ನಡತೆ ವರದಿ ಬರುವವರೆಗೂ ಸಾಗಣೆಯನ್ನು ತಡೆಹಿಡಿಯತಕ್ಕದ್ದು."

ಅಕ್ಕ ಗೆಜೆಟನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಸ್ಟೂಲಿಗೆ ನಡತೆ ಎಲ್ಲಿಂದ ಬರುತ್ತೆ ಸಾರ್?"

"ನನಗೇನು ಗೊತ್ತು? ನಾನು ಓದೋನು, ಬರೆಯೋನಲ್ಲ. ತಡೆಹಿಡಿ ಅಂದಿದ್ದಾರೆ, ಹಿಡಿದಿದ್ದೀನಿ."

"ಇದು ತಪ್ಪಿನಿಂದ ಬಿದ್ದಿರೋದು ಅಂತ ನಿಮಗೆ ಕಾಣ್ತಾ ಇಲ್ವಾ?"

"ಕಾಣುತ್ತೆ ಮೇಡಂ. ಆದ್ರೆ ಕಾಣಿಸಿದ್ದಕ್ಕೆಲ್ಲ ಪೆಟ್ಟಿಗೆ ಬಿಡೋ ಹಾಗಿದ್ರೆ ಕಸ್ಟಮ್ಸ್ ಯಾಕೆ ಬೇಕು? ಬರೆದೋರು ಯಾರೋ ಭಾರೀ ಬುದ್ಧಿವಂತರು. ಅವರನ್ನೇ ಹಿಡೀರಿ."

ಬರೆದವನು ಬೆಳಗ್ಗೆ ತನ್ನ ಜೊತೆಯಲ್ಲೇ ತಿಂಡಿ ತಿಂದು ಹೋದನೆಂದು ಅಕ್ಕ ಹೇಳಲಿಲ್ಲ.

ಷರಾನಿಗೆ ವಿಷಯ ತಿಳಿದಾಗ ಅವನು ಫೋನ್ ಕೆಳಗಿಟ್ಟು, ಗೆಜೆಟ್ ತೆರೆದು, ಐದನೇ ಪ್ಯಾರಾವನ್ನು ಮೂರು ಸಲ ಮೇಲಿಂದ ಕೆಳಕ್ಕೂ ಒಂದು ಸಲ ಕೆಳಗಿಂದ ಮೇಲಕ್ಕೂ ಓದಿದ. ಆಮೇಲೆ ಶಾಖಾಧಿಕಾರಿಯ ಕೋಣೆಗೆ ಹೋಗಿ ನಿಂತ. ಶಾಖಾಧಿಕಾರಿ ನಿಧಾನಸ್ಥ. ಅವನ ಮೇಜಿನ ಮೇಲೆ ಯಾವ ಕಡತವೂ ಇರುತ್ತಿರಲಿಲ್ಲ. ಅದೇ ಅವನ ದಕ್ಷತೆಯ ಗುರುತು.

"ಒಂದು ತಿದ್ದೋಲೆ ಹಾಕಿಬಿಡೋಣ ಸಾರ್. ಐದನೇ ಪ್ಯಾರಾ ಕೈಬಿಡಲಾಗಿದೆ ಅಂತ."

"ಕಾಗುಣಿತ ತಪ್ಪಿದ್ರೆ ನಾಳೆನೇ ಹಾಕ್ತಿದ್ದೆ. ಪ್ಯಾರಾನೇ ತೆಗೆಯೋದು ಅಂದ್ರೆ ಅದು ತೀರ್ಮಾನ ಬದಲಾಯಿಸಿದ ಹಾಗೆ. ಉಪಮಂತ್ರಿಗಳು ಮತ್ತೆ ಸಹಿ ಮಾಡ್ಬೇಕು."

"ಯಾವಾಗ ಬರ್ತಾರೆ?"

"ನೆರವು ಸಮ್ಮೇಳನ. ಐದು ದೇಶ, ಐದು ವಾರ."

"ಐದು ವಾರ ಅಂದ್ರೆ ಮೂವತ್ತೈದು ದಿನ ಸಾರ್. ನಮಗೆ ಇರೋದು ಮೂವತ್ತು. ಪ್ಯಾರಾ ತಪ್ಪು ಅಂತ ಒಂದು ಪತ್ರ ಬರೆದು—"

"ತಪ್ಪು ಅಂತ ಯಾರಯ್ಯ ಹೇಳಿದ್ದು?" ಶಾಖಾಧಿಕಾರಿ ದನಿ ತಗ್ಗಿಸಿದ. "ಹನ್ನೊಂದು ಜನ ಸಹಿ ಮಾಡಿದ್ದಾರೆ. ಹನ್ನೊಂದು ಜನಕ್ಕೂ ಕಣ್ಣಿರಲಿಲ್ಲ ಅಂತೀಯಾ? ಅದರಲ್ಲಿ ನಾನೂ ಇದ್ದೀನಿ. ಸುಮ್ನೆ ಅದೇನು ವರದಿನೋ ಅದನ್ನ ತರಿಸ್ಕೊಂಡು ಬಿಡು. ನೆರವು ವಿಭಾಗ ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ."

*

ಮನೆಯಲ್ಲಿ ಇದ್ದವರು ಮೂವರು: ಅಮ್ಮ, ಅಕ್ಕ, ಷರಾ. ಅಕ್ಕ ತಮ್ಮ ಇಬ್ಬರೂ ಮದುವೆಯ ಕಡತವನ್ನು ಎಂದೋ ಮುಕ್ತಾಯ ಮಾಡಿದವರು. ಆ ಸಂಜೆ ಅಮ್ಮ ತರಕಾರಿ ಹೆಚ್ಚುತ್ತಾ ಇಡೀ ಕತೆ ಕೇಳಿಸಿಕೊಂಡಳು.

"ಒಂದು ಕಾಲು ಕೂರಿಸೋಕೆ ಇಷ್ಟೊಂದು ರಾದ್ಧಾಂತವಾ? ಒಬ್ಬ ಬಡಗಿನ ಕರೆಸ್ರೋ."

"ಅಮ್ಮ, ನಿನಗೆ ಗೊತ್ತಾಗಲ್ಲ, ಸುಮ್ನಿರು," ಎಂದಳು ಅಕ್ಕ.

"ಗೊತ್ತಾಗದೆ ಏನು? ನಿನ್ನ ಕಾಲು ಇವನು ಎಳೆದ, ಇವನ ಕಾಲು ನೀನು ಎಳೆದೆ, ಸ್ಟೂಲಿಗೆ ಕಾಲಿಲ್ಲ."

"ಒಂಬತ್ತು ಸಲ ಫೋನ್ ಮಾಡಿದ್ದು ಯಾರು?" ಎಂದ ಷರಾ.

"ಒಂಬತ್ತು ಸಲ ಮಾಡಿದ್ರೆ ಹತ್ತನೇದನ್ನೂ ತಡ್ಕೊಂಡು ಓದ್ಬೇಕಿತ್ತು. ಬೇರೆಯವರ ಕಾಗದಕ್ಕೆ ಅಲ್ಪವಿರಾಮ ಹುಡುಕ್ತಾ ಕೂರ್ತೀಯ, ಅಕ್ಕನ ಕಾಗದ ಅಂದ್ರೆ ಬಿಟ್ಟಿ."

"ಬಿಟ್ಟಿ ಅಲ್ಲ ಅಕ್ಕ. ನೀನು ಹೇಳಿದ್ದಕ್ಕೆ ಬಿಟ್ಟೆ. ಅದೊಂದೇ ದಿನ ನಿನ್ನ ಮಾತು ಕೇಳಿದ್ದು ನಾನು."

ಅದು ನಿಜವಾದ್ದರಿಂದ ಅಕ್ಕನಿಗೆ ಇನ್ನೂ ಸಿಟ್ಟು ಬಂತು. ತಟ್ಟೆಯಲ್ಲಿದ್ದದ್ದನ್ನು ಅರ್ಧಕ್ಕೆ ಬಿಟ್ಟು ಎದ್ದಳು.

ಮೂರನೇ ಮಹಡಿಯ ನೆರವು ವಿಭಾಗದಲ್ಲಿ ದೊಡ್ಡ ನಕ್ಷೆಯೊಂದರ ಕೆಳಗೆ ಒಬ್ಬ ಮೇಡಂ ಕೂತಿದ್ದರು. ನಕ್ಷೆಯ ತುಂಬ ಬಣ್ಣಬಣ್ಣದ ಗುಂಡುಸೂಜಿಗಳು. ಹಸಿರು ಎಂದರೆ ನೆರವು ಹೋಗುತ್ತಿದೆ, ಕೆಂಪು ಎಂದರೆ ನಿಂತಿದೆ, ಹಳದಿ ಎಂದರೆ ಮೇಡಂಗೇ ಗೊತ್ತಿಲ್ಲ. ಷರಾ ಹೇಳಿದ್ದನ್ನೆಲ್ಲ ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು. ನಗಲಿಲ್ಲ. ಮೇಜಿನ ಖಾನೆಯಿಂದ ಹದಿನಾಲ್ಕು ಪ್ರಶ್ನೆಗಳ ಒಂದು ನಮೂನೆ ತೆಗೆದರು.

"ಗೆಜೆಟ್‌ನಲ್ಲಿ ಬಂದ ಮೇಲೆ ಸ್ಟೂಲು ನಮ್ಮ ಸ್ವೀಕರ್ತೃನೇ. ಪಾಪ, ಅದರ ತಪ್ಪೇನು? ಹದಿನೆಂಟನೇ ತಾರೀಖು ಸಮಿತಿ ಸೇರುತ್ತೆ, ಅಷ್ಟರೊಳಗೆ ತುಂಬಿಕೊಡಿ. ಹೌದು ಅಥವಾ ಇಲ್ಲ, ಎರಡೇ. 'ಅನ್ವಯಿಸುವುದಿಲ್ಲ' ಅಂತ ಬರೆದ್ರೆ ಅಪೂರ್ಣ ಅಂತ ವಾಪಸ್ ಬರುತ್ತೆ."

"ಚುನಾವಣೆ ನಡೆಸಿದೆಯೇ ಅಂತ ಇದೆ ಮೇಡಂ."

"ಇಲ್ಲ ಅನ್ನಿ. ನಡೆಸಿರೋರೇ ಕಮ್ಮಿ."

"ರಾಜಕೀಯ ಸೆರೆಯಾಳುಗಳು?"

"ಇಲ್ಲ. ನೋಡಿ, ಎಷ್ಟು ಒಳ್ಳೇದು! ಈ ವರ್ಷ ಬಂದಿರೋದ್ರಲ್ಲಿ ಇದೇ ಸ್ವಲ್ಪ ಮರ್ಯಾದಸ್ಥ ಅರ್ಜಿ."

"ನೆರವಿಲ್ಲದೆ ಸ್ವಂತ ಕಾಲ ಮೇಲೆ ನಿಲ್ಲಬಲ್ಲದೇ?"

ಮೇಡಂ ಒಂದು ಕ್ಷಣ ಯೋಚಿಸಿದರು. "ನಿಲ್ಲಲ್ಲ ಅಲ್ವಾ? ಹಾಗೇ ಬರೀರಿ. ನಿಲ್ಲುತ್ತೆ ಅಂದ್ರೆ ಮತ್ಯಾಕೆ ನೆರವು ಅಂತಾರೆ." ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು, ಯಾವುದೋ ದೇಶದಲ್ಲಿ ಸರ್ಕಾರ ಬಿದ್ದಿತ್ತು. ಕೆಂಪು ಸೂಜಿ ಹುಡುಕುತ್ತಾ ಅವರು, ಮಿಕ್ಕದ್ದನ್ನು ನೀವೇ ತುಂಬಿ ಎಂದು ಕೈಯಲ್ಲೇ ಸನ್ನೆ ಮಾಡಿದರು.

ಷರಾ ತನ್ನ ಜಾಗಕ್ಕೆ ಬಂದು ಮಿಕ್ಕದ್ದನ್ನು ತುಂಬಿದ. ಈ ಸಲ ಆತುರಪಡಲಿಲ್ಲ. ಪ್ರತಿ ಪ್ರಶ್ನೆಯನ್ನೂ ಮೂರು ಸಲ ಓದಿದ. ಹನ್ನೊಂದನೇ ಪ್ರಶ್ನೆ: "ಕಳೆದ ಹನ್ನೆರಡು ತಿಂಗಳಲ್ಲಿ ಸ್ವೀಕರ್ತೃವು ಬೇರೊಂದು ದೇಶದ ಗಡಿಯನ್ನು ದಾಟಿದೆಯೇ?" ಷರಾ ಪೆನ್ನು ಎತ್ತಿದ, ಇಳಿಸಿದ, ಕಿಟಕಿಯ ಆಚೆ ನೋಡಿದ. ಎದುರಿನ ಮೇಜಿನ ಗುಮಾಸ್ತ ಟೀ ಕುಡಿಯುತ್ತಾ "ಏನಯ್ಯ, ಹೆಣ್ಣು ನೋಡೋಕೆ ಬಂದೋನ ಹಾಗೆ ಕೂತಿದ್ದೀಯ?" ಎಂದಾಗ ಪ್ರಶ್ನೆಯನ್ನು ನಾಲ್ಕನೇ ಸಲ ಓದಿದ. ಕೊನೆಗೆ ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದ. ನಮೂನೆಯನ್ನು ಹನ್ನೆರಡನೇ ದಿನ ಮೂರನೇ ಮಹಡಿಗೆ ಕೊಟ್ಟು ಸ್ವೀಕೃತಿ ಪಡೆದ.

ಸಮಿತಿ ಹದಿನೆಂಟರಂದು ಸೇರಿತು. ಸ್ಟೂಲು ಇಳಿದು ಅಂದಿಗೆ ಹತ್ತೊಂಬತ್ತನೇ ದಿನ. ಆದೇಶದ ಪ್ರತಿ ಅಕ್ಕನ ಉಗ್ರಾಣಕ್ಕೇ ನೇರ ಬಂತು. ಅವಳು ಅದನ್ನು ಹಿಡಿದುಕೊಂಡು ಅಧಿಸೂಚನೆ ಶಾಖೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಶಾಖೆಯಲ್ಲಿ ಷರಾ, ಗುಮಾಸ್ತ ಇಬ್ಬರೇ ಇದ್ದರು.

"ಓದು," ಎಂದಳು.

ಷರಾ ಓದಿದ. "ಸ್ವೀಕರ್ತೃವು ತಾನೇ ಲಿಖಿತವಾಗಿ ಒಪ್ಪಿಕೊಂಡಿರುವಂತೆ, ಕಳೆದ ಹನ್ನೆರಡು ತಿಂಗಳಲ್ಲಿ ಬೇರೊಂದು ದೇಶದ ಗಡಿಯನ್ನು ದಾಟಿದೆ. ಆದ್ದರಿಂದ ಅದರ ನಡತೆಯನ್ನು ತೃಪ್ತಿಕರವೆಂದು ಪರಿಗಣಿಸಲು ಸಾಧ್ಯವಾಗದೆ, ನಲವತ್ತೈದು ದಿನಗಳ ನಂತರ ಮರುಪರಿಶೀಲಿಸಲು ಸಮಿತಿ ತೀರ್ಮಾನಿಸಿದೆ."

"ಹೌದು ಅಂತ ಬರೆದಿದ್ದು ನೀನಾ?"

"ದಾಟಿದ್ದು ನಿಜ ಅಲ್ವಾ ಅಕ್ಕ."

"ಏನಂದೆ?"

"ಅಲ್ಲಿಂದ ಇಲ್ಲಿಗೆ ಬಂದಿದೆ. ಗಡಿ ದಾಟದೆ ಹೇಗೆ ಬರುತ್ತೆ? ಇಲ್ಲ ಅಂತ ಬರೆದಿದ್ರೆ, ಮತ್ತೆ ಇಲ್ಲಿ ಹೇಗಿದೆ ಅಂತ ಕೇಳ್ತಿದ್ರು. ಆಗ ಸುಳ್ಳು ಮಾಹಿತಿ ಅಂತ—"

"ಅದು ದಂಡೆತ್ತಿ ಹೋಗೋರಿಗೆ ಕೇಳಿದ ಪ್ರಶ್ನೆ ಕಣೋ! ಸ್ಟೂಲು ಪೆಟ್ಟಿಗೆಯಲ್ಲಿ ಮಲ್ಕೊಂಡು ಬಂದಿದೆ!"

"ಪ್ರಶ್ನೆಯಲ್ಲಿ ಹಾಗೆ ಇರ್ಲಿಲ್ಲ. ನಾನು ಷರಾನೂ ಬರೆದಿದ್ದೆ, 'ವಿಮಾನದ ಮೂಲಕ' ಅಂತ."

ಗುಮಾಸ್ತನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಜಾರಿ ಬಿತ್ತು. "ವೈಮಾನಿಕ ದಾಳಿ," ಎಂದು ಅವನು ತನ್ನಷ್ಟಕ್ಕೆ ಅಂದುಕೊಂಡದ್ದು ಇಬ್ಬರಿಗೂ ಕೇಳಿಸಿತು.

ಅಕ್ಕ ಅಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಚಿಕ್ಕಂದಿನಲ್ಲಿ ನೆರೆಮನೆಯ ಕಿಟಕಿ ಗಾಜು ಒಡೆದಾಗಲೂ ಇವನು ಹೀಗೇ, ಕೇಳುವ ಮೊದಲೇ ಹೋಗಿ ಹೇಳಿ ಬಂದಿದ್ದ, ಒಡೆದವಳು ಅವಳು. "ನಿನ್ನ ಸತ್ಯಸಂಧತೆಗೆ ಒಂದು ಗಾಜಿನ ಪೆಟ್ಟಿಗೆ ಮಾಡಿಸ್ತೀನಿ. ನನ್ನ ಪ್ರದರ್ಶನದಲ್ಲಿ ಹೇಗೂ ಒಂದು ಖಾಲಿ ಇದೆ," ಎಂದಳು.

ಅಲ್ಲಿಂದ ಮುಂದಿನ ದಿನಗಳು ಕಾಗದದಲ್ಲಿ ಹೋದವು. ಮೇಡಂ ಬಹಳ ಮರುಗಿದರು, ನಮೂನೆ ತಿದ್ದಲು ನಿಯಮವಿಲ್ಲ ಎಂದರು. ಶಾಖಾಧಿಕಾರಿ ಉಪಮಂತ್ರಿಗಳ ಆಪ್ತಸಹಾಯಕನಿಗೆ ಫೋನ್ ಮಾಡಿದ, ಉಪಮಂತ್ರಿಗಳು ಮೂರನೇ ದೇಶದಿಂದ ನಾಲ್ಕನೆಯದಕ್ಕೆ ಹೊರಟಿದ್ದರು, ಸ್ಟೂಲಿನ ವಿಚಾರ ಕೇಳಿ "ಯಾರದು ಕೂತಿರೋದು?" ಎಂದರಂತೆ. ಹೊರದೇಶದ ಸಂಗ್ರಹಾಲಯಕ್ಕೆ ಇನ್ನು ಹದಿನೈದು ದಿನ ಕೊಡಿ ಎಂದು ಅಕ್ಕ ಬರೆದಳು. ವಿನಯದ ಉತ್ತರ ಬಂತು. ತಮ್ಮ ಸ್ಟೂಲನ್ನು ಅತಿಕ್ರಮಣಕಾರಿ ಎಂದು ಕರೆದಿರುವ ದೇಶದಲ್ಲಿ ಅದನ್ನು ಒಂದು ದಿನವೂ ಹೆಚ್ಚಿಗೆ ಬಿಡಲು ತಮಗೆ ಧೈರ್ಯವಿಲ್ಲ ಎಂದಿತ್ತು.

*

ಇಪ್ಪತ್ತೆಂಟನೇ ದಿನ ಬೆಳಗ್ಗೆ ಷರಾ ಶೇವ್ ಮಾಡಿಕೊಳ್ಳುತ್ತಾ, ಕನ್ನಡಿಯಲ್ಲೇ ಅಕ್ಕನನ್ನು ನೋಡುತ್ತಾ, ಒಂದು ಮಾತು ಹೇಳಿದ. ಅವನ ಬಾಯಿಂದ ಅಂಥ ಮಾತು ಬಂದದ್ದು ಅಮ್ಮನ ನೆನಪಿನಲ್ಲೇ ಇರಲಿಲ್ಲ.

"ಪ್ರದರ್ಶನ ಹೋದ್ರೆ ಹೋಗ್ಲಿ. ನಿನಗೆ ಬೇಕಾಗಿರೋದು ಕಾಲು ಕೂರುತ್ತಾ ಇಲ್ವಾ ಅಂತ ತಾನೇ? ಸ್ಟೂಲಿಗೆ ಹುಳ ಹಿಡಿದಿದೆಯಾ ನೋಡ್ಬೇಕು ಅಂತ ತಪಾಸಣೆಗೆ ನಿನಗೆ ಅನುಮತಿ ಸಿಗುತ್ತೆ. ನಾನು ಸಹಾಯಕ ಅಂತ ಬರ್ತೀನಿ. ಕಾಲನ್ನ ಛತ್ರಿಯೊಳಗೆ ಇಟ್ಕೊಳ್ಳೋಣ."

ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಇವನಿಗೆ ಜ್ವರ ಏನಾದ್ರೂ ಬಂದಿದೆಯಾ ನೋಡೇ."

"ಕಳ್ಳಸಾಗಣೆ ಅದು," ಎಂದಳು ಅಕ್ಕ.

"ಗೊತ್ತು."

"ನಿನ್ನ ಕೆಲಸ ಹೋಗುತ್ತೆ."

"ಗೊತ್ತು ಅಕ್ಕ. ಎರಡು ನಿಮಿಷದ ಕೆಲಸ. ಕೂರಿಸೋದು, ಫೋಟೋ ತೆಗೆಯೋದು, ಕಾಲು ತೆಗೆಯೋದು."

ಅಕ್ಕ ಆ ದಿನ ತಪಾಸಣೆಗೆ ಅನುಮತಿ ಪಡೆದು, ಉಗ್ರಾಣದ ಪುಸ್ತಕದಲ್ಲಿ "ಪರಿಶೀಲನೆಗೆ" ಎಂದು ಬರೆದು ಕಾಲನ್ನು ಹೊರತೆಗೆದಳು. ಮೆತ್ತನೆಯ ಬಟ್ಟೆ ಸುತ್ತಿದಳು. ಛತ್ರಿ ಷರಾನದು, ದಪ್ಪ ಹಿಡಿಯ, ಹಳೆಯ ಕಾಲದ ಕಪ್ಪು ಛತ್ರಿ. ಕಾಲು ಅದರೊಳಗೆ ತನಗೇ ಮಾಡಿಸಿದ ಹಾಗೆ ಕೂತಿತು. ಮರುದಿನ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಛತ್ರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡರು. ಒಂದು ವಾರದಿಂದ ಸರಿಯಾಗಿ ಮಾತಾಡದ ಅಕ್ಕ, "ಕಿಟಕಿ ಕಡೆ ಕೂರ್ತೀಯಾ?" ಎಂದು ಕೇಳಿದಳು.

ಸರಕು ವಿಭಾಗದ ಹಿಂದೆ ತಗಡಿನ ಚಾವಣಿಯ ದೊಡ್ಡ ಶೆಡ್ಡು. ಅದರ ಬಾಗಿಲಲ್ಲಿ ನೆಲದ ಮೇಲೆ ಹಳದಿ ಗೆರೆ. ಗೆರೆಯ ಈಚೆ ಒಂದು ಮೇಜು, ಮೇಜಿನ ಮೇಲೆ ದಪ್ಪ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ಕಸ್ಟಮ್ಸ್ ಅಧಿಕಾರಿ ಇವರನ್ನು ನೋಡಿ ಎದ್ದು ನಿಂತ. ಅವನಿಗೂ ಈ ವಿಷಯ ಮನಸ್ಸಿಗೆ ಹತ್ತಿತ್ತು.

"ಬನ್ನಿ ಮೇಡಂ. ಪೆಟ್ಟಿಗೆ ತೆಗೆಸಿ ಇಟ್ಟಿದ್ದೀನಿ. ನಿಧಾನವಾಗಿ ನೋಡಿ. ನಾನು ಟೀ ಕುಡಿದು ಬರ್ತೀನಿ, ಹತ್ತು ನಿಮಿಷ. ಇವರು?"

"ನನ್ನ ಸಹಾಯಕರು."

"ಆಯ್ತು, ಆಯ್ತು. ಇಬ್ಬರೂ ರಿಜಿಸ್ಟರಿನಲ್ಲಿ ಬರೆದು ಒಳಗೆ ಹೋಗಿ."

ಅಕ್ಕ ಬರೆದಳು: ಹೆಸರು, ಇಲಾಖೆ, ಸಮಯ, ಸಹಿ. ಹತ್ತು ಹೆಜ್ಜೆ ಆಚೆ, ತೆರೆದ ಪೆಟ್ಟಿಗೆಯ ಹುಲ್ಲಿನ ನಡುವೆ, ಸ್ಟೂಲು ಕಾಣುತ್ತಿತ್ತು. ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕದು. ಅವಳು ಗೆರೆ ದಾಟಿ ಅದರ ಹತ್ತಿರ ಹೋಗಿ ಮಂಡಿಯೂರಿದಳು. ಮೂರನೇ ತೂತಿನ ಅಂಚು ನಯವಾಗಿ ಸವೆದಿತ್ತು. ಅದರೊಳಗೆ ಬೆರಳಿಟ್ಟಳು. ಹಿಂದಿರುಗಿ ನೋಡದೆ ಕೈ ಚಾಚಿದಳು, ಛತ್ರಿಗಾಗಿ.

ಛತ್ರಿ ಬರಲಿಲ್ಲ.

ಷರಾ ಇನ್ನೂ ಮೇಜಿನ ಹತ್ತಿರವೇ ಇದ್ದ. ರಿಜಿಸ್ಟರಿನ ಆರನೇ ಕಾಲಂ "ಒಳಗೆ ಒಯ್ಯುತ್ತಿರುವ ವಸ್ತುಗಳು" ಎಂದಿತ್ತು. ಅಕ್ಕ ಅದನ್ನು ಖಾಲಿ ಬಿಟ್ಟಿದ್ದಳು; ಎಲ್ಲರೂ ಬಿಡುತ್ತಿದ್ದರು. ಷರಾನ ಕೈ ಅದನ್ನು ಖಾಲಿ ಬಿಡಲಿಲ್ಲ. "ಛತ್ರಿ, ಒಂದು" ಎಂದು ಬರೆದ ಕೈ, ಅಲ್ಪವಿರಾಮ ಹಾಕಿ, ಅಭ್ಯಾಸಬಲದಿಂದ ಮುಂದುವರಿದು, "ಅದರೊಳಗೆ ಸ್ಟೂಲಿನ ಕಾಲು, ಒಂದು" ಎಂದು ಬರೆದು ಮುಗಿಸಿತ್ತು. ಬರೆದ ಮೇಲೆ ಅವನೇ ಅದನ್ನು ಓದಿದ. ಟೀಗೆ ಹೊರಟಿದ್ದ ಅಧಿಕಾರಿಯೂ ಅವನ ಭುಜದ ಮೇಲಿಂದ ಓದಿದ.

"ಅಯ್ಯೋ, ಯಾಕ್ರೀ ಬರೆದ್ರಿ?" ಎಂದ ಅಧಿಕಾರಿ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ನಾನು ಟೀಗೆ ಹೋಗ್ತೀನಿ ಅಂದೆನಲ್ಲ!"

"ಹೊಡೆದು ಹಾಕ್ತೀನಿ," ಎಂದ ಷರಾ.

"ನಂಬರ್ ಹಾಕಿರೋ ರಿಜಿಸ್ಟರು. ಹೊಡೆದ್ರೆ ಯಾಕೆ ಹೊಡೆದ್ರಿ ಅಂತ ಕಾರಣ ಬರೀಬೇಕು. ನೀವು ಕಾರಣನೂ ನಿಜವಾಗ್ಲೂ ಬರೀತೀರಿ." ಅಧಿಕಾರಿ ಹಣೆ ಒರೆಸಿಕೊಂಡ. "ನೋಡಿ, ಈ ಗೆರೆಯ ಆಚೆ ಕಾನೂನಿನ ಪ್ರಕಾರ ನಮ್ಮ ದೇಶ ಅಲ್ಲ. ಇನ್ನೂ ಒಳಗೆ ಬರದೇ ಇರೋ ಸಾಮಾನು ಇರೋ ಜಾಗ. ಕಾಲನ್ನ ಒಳಗೆ ಬಿಟ್ರೆ ಪ್ರಾಚೀನ ವಸ್ತುವನ್ನ ಹೊರದೇಶಕ್ಕೆ ಕಳಿಸಿದ ಹಾಗೆ. ಅದಕ್ಕೆ ಬೇರೆ ಅಧಿಸೂಚನೆ ಬೇಕು."

"ಸ್ಟೂಲನ್ನೇ ಗೆರೆ ಹತ್ರ ತಂದ್ರೆ?" ಎಂದು ಒಳಗಿನಿಂದ ಅಕ್ಕ ಕೇಳಿದಳು. "ಅದು ಈ ಕಡೆನೇ ಇರ್ಲಿ. ಕಾಲು ನಿಮ್ಮ ಕಡೆಯಿಂದ."

"ಕೂರಿಸಿದ ಮೇಲೆ ಅದು ಯಾವ ಕಡೆದು ಮೇಡಂ? ಬರೆಯದೆ ಇದ್ದಿದ್ರೆ ನಾನೇ ಹಿಡ್ಕೊಂಡು ನಿಲ್ತಿದ್ದೆ."

ಅಕ್ಕ ಮಂಡಿಯ ಮೇಲಿಂದ ಏಳಲಿಲ್ಲ. ಹತ್ತು ನಿಮಿಷದ ತಪಾಸಣೆಗೆ ಅನುಮತಿ ಇತ್ತು, ಅಷ್ಟು ಹೊತ್ತೂ ಇದ್ದಳು. ಗೆರೆಗಳನ್ನು ಎಣಿಸಿದಳು. ತಿರುಗಿಸಿ ಅಡಿಭಾಗ ನೋಡಿದಳು. ಹುಳ ಹಿಡಿದಿಲ್ಲ ಎಂದು ತಪಾಸಣೆಯ ಹಾಳೆಯಲ್ಲಿ ಬರೆದು ಸಹಿ ಮಾಡಿದಳು. ಷರಾ ಗೆರೆಯ ಈಚೆ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅವಳು ಹೊರಗೆ ಬಂದಾಗ ಏನೋ ಹೇಳಲು ಬಾಯಿ ತೆರೆದ.

"ಮಾತಾಡ್ಬೇಡ," ಎಂದಳು. "ನಡಿ. ಹನ್ನೊಂದೂವರೆ ಬಸ್ಸು ತಪ್ಪಿದ್ರೆ ಮತ್ತೆ ಒಂದು ಗಂಟೆಗೇ ಇರೋದು."

ಬಸ್ಸಿನಲ್ಲಿ ಅವನು ಒಂದು ಸೀಟು ಹಿಂದೆ ಕೂತ.

ಮೂವತ್ತೊಂದನೇ ದಿನ ಬೆಳಗ್ಗಿನ ವಿಮಾನದಲ್ಲಿ ಸ್ಟೂಲು ವಾಪಸು ಹೋಯಿತು. ಕಾಲು ಅದಕ್ಕೆ ಕೂರುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.